ಓವರ್‌ಡ್ರಾಫ್ಟ್ ಮತ್ತು ಮೆಂತ್ಯದ ನೀರು

ಕಳೆದ ಸೋಮವಾರ ಒಂದು ಕಪ್ ಚಹಾ ಕುಡಿಯಲು ಬೀದರದಿಂದ ಭಾಲ್ಕಿಗೆ ಹೋಗಿದ್ದೆ. ಬಸ್ಸಿನಲ್ಲಿ, ನಿಂತುಕೊಂಡು.

ನಗಬೇಡಿ. ಬೀದರದಲ್ಲಿ ಚಹಾ ಸಿಗುವುದಿಲ್ಲವೇ? ಹೆಜ್ಜೆಗೊಂದು ಹೋಟೆಲಿದೆ. ನನಗೆ ಮಾತ್ರ ಯಾರೂ ಕೊಡುವುದಿಲ್ಲ. ಏಕೆಂದರೆ ನನಗೆ ಶುಗರ್ ಇದೆಯೆಂದು ಊರಿಗೆಲ್ಲ ಗೊತ್ತು. (ಇಲ್ಲ. ಯಾವತ್ತೂ ಇರಲಿಲ್ಲ.)

ಶುರುವಾದದ್ದು ಬ್ಯಾಂಕಿನಿಂದ. ಗಾಂಧಿ ಗಂಜದ ಹತ್ತಿರ ನನ್ನದೊಂದು ಝೆರಾಕ್ಸ್ ಅಂಗಡಿ ಇರುವುದು ಈ ಅಂಕಣ ಓದುವ ನಿಮಗೆ ಗೊತ್ತೇ ಇದೆ. ಎರಡನೇ ಮಷಿನ್ ತರಲು ಓವರ್‌ಡ್ರಾಫ್ಟ್ ಮಾಡಿಸಿದೆ. ವರ್ಷದೊಳಗೆ ತೀರಿಸುತ್ತೇನೆ ಎಂದಿದ್ದೆ. ಒಂಬತ್ತು ವರ್ಷವಾಯಿತು! ತಿಂಗಳಾದರೆ ಬಡ್ಡಿ ಕಟ್ಟುವುದು, ಕೈ ಖಾಲಿಯಾದರೆ ಮತ್ತೆ ಅದರಿಂದಲೇ ತೆಗೆಯುವುದು. ಅಸಲು ಜಪ್ಪಯ್ಯ ಅಂದರೂ ಅಲುಗಲಿಲ್ಲ.

ಎರಡು ವರ್ಷದ ಹಿಂದೆ ಹೆಂಡತಿ ಖರ್ಚಿನ ಚೀಟಿ ಹಿಡಿದು ಕುಳಿತಳು. ಹೊಸ ಬಟ್ಟೆ ಬಂದ್. ಸ್ಕೂಟರ್ ಮೂಲೆ ಸೇರಿತು. ಕೊನೆಗೆ ಅವಳ ಬೆರಳು ಚಹಾದ ಮೇಲೆ ನಿಂತಿತು.

"ಬ್ಯಾಂಕಿನ ಬಡ್ಡಿಕಿಂತ ನಿಮ್ಮ ಚಹಾದ ಬಿಲ್ಲೇ ದೊಡ್ಡದು ಅದ ನೋಡ್ರಿ."

ಸುಳ್ಳಲ್ಲ. ಅಂಗಡಿಗೆ ಬಂದವರಿಗೆ ಚಹಾ ಹೇಳದಿದ್ದರೆ ನಮ್ಮಲ್ಲಿ ಮರ್ಯಾದೆಯೇ? ಒಂದು ಆಧಾರ್ ಕಾರ್ಡ್ ಝೆರಾಕ್ಸ್ ಮಾಡಿಸಿ, ಅದಕ್ಕಿಂತ ದುಬಾರಿಯ ಚಹಾ ಕುಡಿದು ಹೋಗುವವರು ನನ್ನ ಗಿರಾಕಿಗಳು. ಸಾಲ ಇದೆ, ಚಹಾ ಬಂದ್ ಎನ್ನಲು ಬಾಯಿ ಬರಲಿಲ್ಲ. ಶುಗರ್ ಇದೆ ಎನ್ನಲು ಬಂತು. ಮಾಲೀಕನೇ ಕುಡಿಯದಿದ್ದರೆ ಬಂದವರೂ ಕುಡಿಯುವುದಿಲ್ಲ. "ನೀವು ಬಿಟ್ಟ ಮ್ಯಾಲ ನಾ ಒಬ್ಬನೇ ಹ್ಯಾಂಗ ಕುಡೀಲ್ರಿ?" ಎಂದು ಎದ್ದು ಹೋಗುತ್ತಿದ್ದರು. ಒಂದೇ ತಿಂಗಳಲ್ಲಿ ಬಿಲ್ಲು ಇಳಿಯಿತು, ಉಳಿದ ದುಡ್ಡು ಅಸಲಿಗೆ ಹೋಗತೊಡಗಿತು.

ನಾವು ಎಂಥವರು ನೋಡಿ. ಸಾಲವನ್ನು ಕಳ್ಳಮಾಲಿನ ಹಾಗೆ ಬಚ್ಚಿಡುತ್ತೇವೆ, ಕಾಯಿಲೆಯನ್ನು ಕರೆದು ಕರೆದು ಹೇಳುತ್ತೇವೆ. ಕೇಳಿದವರು ಸುಮ್ಮನಿರುತ್ತಾರೆಯೇ? ಔರಾದದ ಅಕ್ಕ ನೇರಳೆ ಬೀಜದ ಪುಡಿ ಕಳಿಸಿದಳು. ಭಾಲ್ಕಿಯಲ್ಲಿ ನಾದಿನಿಯ ಮದುವೆ; ಬೆಲ್ಲದ ಹುಗ್ಗಿ ಬಡಿಸುವವರು ನನ್ನ ಎಲೆ ದಾಟಿ ಮುಂದೆ ಹೋದರು. ಪಕ್ಕದ ಅಂಗಡಿಯ ಟೇಲರ್ ಖಲೀಲ್ ಭಾಯಿಯಂತೂ ದಿನಾ ಬೆಳಿಗ್ಗೆ ಮನೆಯಿಂದ ಒಂದು ಲೋಟ ಮೆಂತ್ಯದ ನೀರು ತಂದು, ನಾನು ಮುಗಿಸುವ ತನಕ ನಿಂತಿರುತ್ತಾರೆ. (ಕಹಿ ಎಂದರೆ ಕಹಿ.)

ಸೋಮವಾರ ಉಳಿದದ್ದನ್ನೆಲ್ಲ ಕಟ್ಟಿ ಖಾತೆ ಮುಚ್ಚಿಸಿದೆ. ಬಾಕಿ ಇಲ್ಲವೆಂಬ ಪತ್ರ ಜೇಬಿಗೆ ಬಂತು. ಎಷ್ಟು ಖುಷಿ! ಒಂದು ಚಹಾ ಕುಡಿಯಲೇಬೇಕು. ಎಲ್ಲಿ? ಮನೆಗೂ ಚಹಾಪುಡಿ ಬಂದು ಎರಡು ವರ್ಷವಾಗಿತ್ತು. ಸಿಕ್ಕ ಬಸ್ಸು ಹತ್ತಿದೆ. (ಅದು ಹೆಂಡತಿಯ ತವರಿಗೇ ಹೋಗುತ್ತದೆಂದು ಹೊಳೆಯಬಾರದೇ?) ಭಾಲ್ಕಿ ಬಸ್ ಸ್ಟ್ಯಾಂಡಿನ ಎದುರು ಕಪ್ಪು ತುಟಿಗಿಟ್ಟಿದ್ದೆ, ಹಿಂದಿನಿಂದ ಕೈ ಬಂತು. ಹೆಂಡತಿಯ ತಮ್ಮ.

"ಮಾಮಾ! ಶುಗರ್ ಇಟ್ಕೊಂಡು ಇದೇನ್ ಮಾಡ್ಲತ್ತೀರಿ?"

ಕಸಿದು ಚೆಲ್ಲಿಯೇ ಬಿಟ್ಟ.

ಸಾಕು, ನಿಜ ಹೇಳಿಬಿಡೋಣ ಎಂದುಕೊಂಡು ಮರುದಿನ ಅಂಗಡಿ ತೆರೆದೆ. ಖಲೀಲ್ ಭಾಯಿ ಲೋಟ ಹಿಡಿದು ಬಂದರು.

"ಭಾಯಿ, ಕುಂದರ್ರಿ. ನಿಮಗೊಂದು ಚಹಾ ಹೇಳ್ತೇನಿ. ಒಂದು ಮಾತು ಅದ."

"ನನಗೆಲ್ಲಿ ಚಹಾ ಬಿಡ್ರಿ. ನೀವು ಬಿಟ್ಟ ದಿನಾನೇ ನಾನೂ ಬಿಟ್ಟೀನಿ. ದೋಸ್ತ ಬಾಯಿ ಕಟ್ಟಿ ಕುಂತಾಗ ನನಗ ಹ್ಯಾಂಗ ಇಳೀತದ್ರಿ? ಮೊದಲ ಇದು ಕುಡೀರಿ."

ಕುಡಿದೆ. ಬುಧವಾರವೂ ಕುಡಿದೆ. ಇವತ್ತೂ.

ಬ್ಯಾಂಕಿನ ಸಾಲವಿದ್ದಾಗ ಮ್ಯಾನೇಜರ್ ಎದುರಾದರೆ ರಸ್ತೆ ದಾಟುತ್ತಿದ್ದೆ, ಅಷ್ಟೇ. ಈಗ ಬಾಗಿಲಲ್ಲಿ ಆ ಲೋಟ ಕಂಡರೆ ದಾಟಲು ರಸ್ತೆಯೂ ಇಲ್ಲ. ನನ್ನ ಬಗ್ಗೆ ನನಗೇ ನಾಚಿಕೆಯಾಗುತ್ತಿದೆ. ನನ್ನ ಖರ್ಚು ಉಳಿಯಲೆಂದು ಹೇಳಿದ ಸುಳ್ಳನ್ನು ನಂಬಿ ಆ ಮನುಷ್ಯ ಎರಡು ವರ್ಷ ಚಹಾ ಬಿಟ್ಟರಲ್ಲ!

ಅದಕ್ಕೇ ಬಾಯಲ್ಲಿ ಹೇಳಲಾಗದ್ದನ್ನು ಇಲ್ಲಿ ಬರೆದಿದ್ದೇನೆ. ಖಲೀಲ್ ಭಾಯಿಗೆ ಕನ್ನಡ ಓದಲು ಬಾರದು. ಅವರ ಮಗಳು ರುಬೀನಾ ಪ್ರತಿ ವಾರ ಈ ಅಂಕಣವನ್ನು ಅವರಿಗೆ ಓದಿ ಹೇಳುತ್ತಾಳೆ.

ರುಬೀನಾ, ಒಂದಕ್ಷರ ಬಿಡದೆ ಓದಿದೆಯಲ್ಲಮ್ಮ. ಈಗ ಹೇಳು, ನಾಳೆ ಬೆಳಿಗ್ಗೆ ನಿನ್ನ ಅಬ್ಬಾ ನನ್ನ ಅಂಗಡಿಗೆ ಬರುತ್ತಾರಾ?