ಸೊಸೆ ಬಿಟ್ಟುಕೊಟ್ಟ ವಂಶಾವಳಿ

ಕಾಣದ ಎಳೆಗಳಿಂದ ಒಂದು ತಲೆಮಾರನ್ನು ಮತ್ತೊಂದಕ್ಕೆ ಹೊಸೆಯುವ ಪರಮಾತ್ಮನಿಗೆ ಮೊದಲ ವಂದನೆ. ಬೆಳಗಿನ ಜಾವದಲ್ಲಿ ಎಬ್ಬಿಸಿ ಶಬ್ದರೂಪಗಳನ್ನು ಬಾಯಿಪಾಠ ಮಾಡಿಸಿದ ತೀರ್ಥರೂಪರಿಗೆ ಎರಡನೆಯದು. ಮೈಸೂರು ಸೀಮೆಯಿಂದ ಬಂದ ನನಗೆ ಸಂಸ್ಕೃತದ ಪಾಠ ಹೇಳುವ ಕೆಲಸವನ್ನೂ ಅನ್ನವನ್ನೂ ಕೊಟ್ಟು ಸಾಕಿದ ವಿಜಯವಾಡಕ್ಕೆ ನಾನು ಋಣಿ. ನಿವೃತ್ತಿಯ ಬಳಿಕ ಮಗ ಸೊಸೆಯರ ಮನೆಯಲ್ಲಿ ನೆರಳು ಕೊಟ್ಟಿರುವ ವಿಶಾಖಪಟ್ಟಣಕ್ಕೂ ಋಣಿ. ಎಪ್ಪತ್ತು ದಾಟಿದವನಿಗೆ ಅವನ ವಿದ್ಯೆಯ ಮಿತಿಯನ್ನು ನೋಯಿಸದೆ ತೋರಿಸಿಕೊಟ್ಟ ನನ್ನ ಸೊಸೆಗೆ ಈ ಬರಹವೇ ವಂದನೆ. ಹಿರಿಯನು ಕಿರಿಯರಿಗೆ ಕೈಮುಗಿದರೆ ಅವರ ಆಯುಸ್ಸು ಕುಂದುತ್ತದೆಂಬ ಮಾತಿಲ್ಲದಿದ್ದರೆ ಎದುರಿಗೇ ಮುಗಿಯುತ್ತಿದ್ದೆ.

ನನ್ನ ಸೊಸೆ ತೆಲುಗರ ಮಗಳು. ಕನ್ನಡವನ್ನು ನಮ್ಮ ಮನೆಗೆ ಬಂದ ಮೇಲೆ ಅತ್ತೆಯ ಬಾಯಿಂದ ಕಲಿತವಳು. ಹೆತ್ತವರಿಂದ ಮಕ್ಕಳಿಗೆ ಇಳಿದು ಬರುವ ಲಕ್ಷಣಗಳನ್ನು, ಅವು ಒಂದೊಂದು ಜನವರ್ಗದಲ್ಲಿ ಒಂದೊಂದು ಬಗೆಯಾಗಿ ಹರಡಿರುವುದನ್ನು ಅಧ್ಯಯನ ಮಾಡುವುದೇ ಅವಳ ವೃತ್ತಿ. ವಿದ್ಯಾರ್ಥಿನಿಯಾಗಿದ್ದಾಗ ಕಡಲತೀರದ ಬೆಸ್ತರ ಕೇರಿಗಳಲ್ಲಿ, ನಾಲಗೆಯ ಮೇಲಿಟ್ಟರೆ ಕೆಲವರಿಗೆ ಕಹಿಯಾಗಿಯೂ ಕೆಲವರಿಗೆ ಸಪ್ಪೆಯಾಗಿಯೂ ತೋರುವ ಒಂದು ಕಾಗದದ ಚೂರನ್ನು ಹಂಚುತ್ತ ಅಲೆದವಳು. ಬಳಿಕ ಇದೇ ಊರಿನ ಗಾಜುವಾಕದ ಬಾಡಿಗೆ ಮನೆಗಳಲ್ಲಿ, ಹತ್ತು ಜಿಲ್ಲೆಗಳಿಂದ ಬಂದು ಕಾರ್ಖಾನೆಯಲ್ಲಿ ದುಡಿಯುವವರ ರಜಾದಿನಗಳಲ್ಲಿ, ಮೆಟ್ಟಿಲ ಮೇಲೆ ಕುಳಿತು ಅವರ ಅಜ್ಜ ಅಜ್ಜಿಯರ ವಿಚಾರ ಕೇಳಿದವಳು. ಈಚಿನ ವರ್ಷಗಳಲ್ಲಿ ಅವಳು ಹಿಡಿದಿದ್ದ ವಿಷಯ, ಸೋದರಿಕೆಯ ಮದುವೆಗಳು ನಡೆಯುವ ಮನೆಗಳಲ್ಲಿ ಹುಟ್ಟಿನಿಂದ ಬರುವ ಕಿವುಡು. ಅದಕ್ಕಾಗಿ ಕೈಸನ್ನೆಯ ಭಾಷೆಯನ್ನು ಎರಡು ವರ್ಷ ಕಲಿತಳು. ಕಿವಿ ಕೇಳದವರ ಮನೆಗೆ ಹೋಗಿ ಕೇಳುವವರನ್ನು ಮಾತ್ರ ಮಾತಾಡಿಸಿ ಬರುವುದು ಅವಳಿಗೆ ಅವಮರ್ಯಾದೆಯಾಗಿ ತೋರುತ್ತಿತ್ತು.

ಪರೀಕ್ಷೆಗೆ ಬೇಕಾದದ್ದು ಒಂದು ಸಣ್ಣ ನಳಿಗೆಯಷ್ಟು ಉಗುಳು. ಊರೂರಿನಿಂದ ಬಂದ ನಳಿಗೆಗಳು ಪ್ರಯೋಗಾಲಯದ ರಜೆಯ ದಿನ ನಮ್ಮ ಬೀರುವಿನಲ್ಲಿ ತಂಗುವುದಿತ್ತು. ಮಡಿಯನ್ನು ಬಿಡದ ನನ್ನ ಹೆಂಡತಿ ಒಮ್ಮೆ ರೇಗಿಯೇ ಬಿಟ್ಟಳು. “ನನ್ನ ಮಡಿಬಟ್ಟೆಗೆ ಈ ಮನೇಲಿ ಜಾಗ ಇಲ್ಲ, ಊರವರ ಎಂಜಲಿಗೆ ಬೀರು ಬೇಕು!”

“ನಿಮ್ಮದೂ ಅದರಲ್ಲಿದೆ ಅತ್ತಯ್ಯಾ,” ಎಂದಳು ಸೊಸೆ, ತಲೆಯೆತ್ತದೆ. “ಮೇಲಿನ ಸಾಲಿನಲ್ಲೇ ಇಟ್ಟಿದ್ದೀನಿ.”

ನಾನು ಈ ಕೆಲಸದೊಳಕ್ಕೆ ಬಂದ ಬಗೆ ಹೀಗೆ. ಪ್ರತಿ ಮನೆಯ ವಂಶಾವಳಿಯನ್ನು ಅವಳು ಬರೆದುಕೊಳ್ಳಬೇಕು. ಆದರೆ ಜನ ಹೇಳುವಾಗ ಗಂಡಸರು ಉಳಿಯುತ್ತಾರೆ, ಕೊಟ್ಟ ಹೆಣ್ಣುಮಕ್ಕಳು ಮಾಯವಾಗುತ್ತಾರೆ. “ನೇರವಾಗಿ ಕೇಳಬೇಡಮ್ಮ,” ಎಂದೆ. “ಮಹಾಲಯದಲ್ಲಿ ಯಾರ ಹೆಸರು ಹೇಳಿ ಎಳ್ಳುನೀರು ಬಿಡ್ತೀರಿ ಅಂತ ಕೇಳು. ತಂದೆಯ ಕಡೆ ಮೂರು ತಲೆ, ತಾಯಿಯ ಕಡೆ ಮೂರು ತಲೆ, ಹೆಂಗಸರ ಹೆಸರೂ ಸೇರಿ ಬರುತ್ತೆ. ಎಳ್ಳುನೀರಿನ ರೂಢಿಯಿಲ್ಲದ ಮನೆಯಲ್ಲಿ, ಹಿರಿಯರ ಹಬ್ಬಕ್ಕೆ ಯಾರಿಗೆ ಎಡೆ ಇಡ್ತೀರಿ ಅಂತ ಕೇಳು.” ಹಾಗೆ ಕೇಳಿದಾಗ ಮರೆತ ಮುತ್ತಜ್ಜಿಯರು ಒಬ್ಬೊಬ್ಬರಾಗಿ ಹಾಳೆಯ ಮೇಲೆ ಬಂದರು. ಸೊಸೆ ಸಂತೋಷಪಟ್ಟು, ಗುಟ್ಟು ಕಾಯುವೆನೆಂಬ ಪತ್ರಕ್ಕೆ ನನ್ನಿಂದ ರುಜು ಹಾಕಿಸಿಕೊಂಡು, ವಂಶಾವಳಿ ಬರೆಯುವ ಭಾರವನ್ನು ನನಗೇ ಒಪ್ಪಿಸಿದಳು. ಆ ವಿಶ್ವಾಸ ನನ್ನ ತಲೆಗೆ ಸ್ವಲ್ಪ ಏರಿತ್ತೆಂದು ಈಗ ಅನ್ನಿಸುತ್ತದೆ.

ವಿಜಯವಾಡದಲ್ಲಿ ದುರ್ಗಮ್ಮನ ಗುಡಿಯಿರುವ ಇಂದ್ರಕೀಲಾದ್ರಿಯ ಬುಡದ ಬೀದಿಯಲ್ಲಿ ಒಂದು ಮನೆ. ಗುರುತು ಸಿಗದಂತೆ ಕೆಲವನ್ನು ಬದಲಿಸಿ ಬರೆಯುತ್ತಿದ್ದೇನೆ. ಅದು ಸೊಸೆಯ ಷರತ್ತು. ಮನೆಯ ಯಜಮಾನಿ ಬಳ್ಳಾರಿ ಕಡೆಯ ವೃದ್ಧೆ. ಅವರಿಗೆ ಒಬ್ಬ ಮಗ, ಒಬ್ಬಳು ಮಗಳು. ಮಗನ ಮಗಳನ್ನು ಮಗಳ ಮಗನಿಗೆ, ಎಂದರೆ ಹುಡುಗಿಯನ್ನು ಅವಳ ಸೋದರತ್ತೆಯ ಮಗನಿಗೆ, ಕೊಡುವ ಮಾತು ನಡೆದಿತ್ತು. ಹುಡುಗ ಹುಡುಗಿ ಇಬ್ಬರಿಗೂ ಒಪ್ಪಿಗೆ. ಆದರೆ ಹುಡುಗಿಯ ತಮ್ಮ ಹುಟ್ಟು ಕಿವುಡ. ಹುಟ್ಟುವ ಮಕ್ಕಳಿಗೂ ಹಾಗಾದೀತೇ ಎಂದು ಹುಡುಗನ ತಂದೆಗೆ ಭಯ. ನನ್ನ ಸೊಸೆಯ ಉತ್ತರ ಬಂದ ಮೇಲೆಯೇ ತಾಂಬೂಲ ಎಂದು ಅವರು ಹಟ ಹಿಡಿದಿದ್ದರು.

ವಂಶಾವಳಿ ಬರೆಯಲು ನಾನೊಬ್ಬನೇ ಹೋಗಿದ್ದೆ. ಹೆಸರುಗಳೆಲ್ಲ ಮುಗಿದ ಮೇಲೆ ವೃದ್ಧೆ ಅಡುಗೆಮನೆಯ ಬಾಗಿಲು ಮುಂದೆ ಮಾಡಿ ಬಂದು ಕುಳಿತರು.

“ಶಾಸ್ತ್ರಿಗಳೇ, ಒಂದು ಮಾತು. ನನ್ನ ಮಗ ಹನ್ನೊಂದು ದಿನದ ಕೂಸಿದ್ದಾಗ ನನ್ನ ಉಡಿಗೆ ಬಂದಾನ. ದೂರದೂರಿನ ಬ್ಯಾರೆ ಮನೀದು. ನಾಕು ವರ್ಷ ಆದಮ್ಯಾಗ ನನಗ ಮಗಳು ಹುಟ್ಟಿದ್ಲು. ಇದು ಅವನಿಗೇ ಗೊತ್ತಿಲ್ಲ. ನಿಮ್ಮ ಶಾಸ್ತ್ರದಾಗ ಅವ ನನ್ನ ಮಗ ಹೌದೋ ಅಲ್ಲೋ?”

“ಹೌದು ತಾಯಿ. ವಿಧಿಪೂರ್ವಕ ದತ್ತನಾದವನು ಮಗನೇ. ಅವನು ಕೊಡುವ ಪಿಂಡ ನಿಮ್ಮ ಯಜಮಾನರಿಗೇ ಸಲ್ಲುತ್ತದೆ.”

“ಮತ್ತಿನ್ನೇನು? ಮಗ ಅಂತ ಬರೀರಿ. ಬ್ಯಾರೆ ಗೆರಿ ಎಳೀಬ್ಯಾಡ್ರಿ.”

ಯಾರಿಗೂ ಹೇಳುವುದಿಲ್ಲವೆಂದು ಮಾತು ಕೊಟ್ಟು ಮಗನೆಂದೇ ಬರೆದೆ. ಶಾಸ್ತ್ರಕ್ಕೆ ಒಪ್ಪಿದ್ದನ್ನು ಬರೆದ ನೆಮ್ಮದಿಯಲ್ಲಿ ರೈಲು ಹತ್ತಿದೆ.

ಹುಡುಗಿ, ಅವಳ ತಮ್ಮ ಮತ್ತು ಹುಡುಗನ ನಳಿಗೆಗಳು ಪ್ರಯೋಗಾಲಯ ಸೇರಿದವು. ಎರಡು ವಾರಗಳ ಬಳಿಕ ಸೊಸೆಯ ಮುಖ ಬಾಡಿತು. ಹುಡುಗನ ಮನೆಗೆ ಅವಳು ಫೋನು ಮಾಡಿ ಇನ್ನೊಂದು ನಳಿಗೆ ಕೇಳಿದ್ದು, ಅವನ ತಂದೆ ತೆಲುಗಿನಲ್ಲಿ ಏರುದನಿಯಿಂದ ಗದರಿದ್ದು ನಡುಮನೆಯ ತನಕ ಕೇಳಿಸಿತು. “ಒಂದು ಸಲ ಉಗುಳಿಸಿಕೊಂಡದ್ದು ಸಾಲದೇನಮ್ಮಾ? ಏನೋ ದೋಷ ಕಂಡಿದೆ, ಹೇಳಲಾರದೆ ಸುತ್ತಿಸುತ್ತಿದ್ದೀರಿ. ಆಷಾಢದೊಳಗೆ ಉತ್ತರ ಬರಲಿಲ್ಲವೋ, ಈ ಸಂಬಂಧದ ಮಾತೇ ಬೇಡ!”

ಹುಡುಗಿಯೂ ಒಮ್ಮೆ ಫೋನಿನಲ್ಲಿ ಮಾತಾಡಿದಳು. “ನನ್ನ ತಮ್ಮನಂಥ ಮಗು ಹುಟ್ಟಿದ್ರೆ ನನಗೇನೂ ಬೇಜಾರಿಲ್ಲ ಅಕ್ಕಾ. ಮಾವನಿಗೆ ಭಯ. ಅವರ ಭಯ ನಮ್ಮಿಬ್ಬರನ್ನ ಬೇರೆ ಮಾಡಿಬಿಡುತ್ತೆ ಅಂತ ನನಗೆ ಭಯ.”

ಒಂದು ಭಾನುವಾರದ ಮಧ್ಯಾಹ್ನ ಊಟದ ಮೇಜಿನ ಮೇಲೆ ನಾನು ಬರೆದ ಹಾಳೆಯನ್ನು ಹರಡಿಕೊಂಡು ಸೊಸೆ ಕುಳಿತಿದ್ದಳು.

“ಏನಮ್ಮ ತೊಡಕು?” ಎಂದೆ.

“ಹುಡುಗನ ನಳಿಗೆ ಅದಲುಬದಲಾಗಿದೆ ಮಾವಯ್ಯಾ. ಅತ್ತೆಯ ಮಗ, ಸೋದರಮಾವನ ಮಗಳು ಅಂದಮೇಲೆ ಇಬ್ಬರಲ್ಲೂ ಒಂದೇ ಅಜ್ಜ ಅಜ್ಜಿಯಿಂದ ಬಂದ ಎಳೆಗಳು ಸಿಗಲೇಬೇಕು. ಇಲ್ಲಿ ಒಂದೂ ಕೂಡ್ತಿಲ್ಲ. ಇದು ಯಾರ ಉಗುಳೋ ಗೊತ್ತಿಲ್ಲದೆ ನಾನು ಹೇಗೆ ಉತ್ತರ ಹೇಳಲಿ? ಆ ಪ್ರಯಾಣದಲ್ಲಿ ತಂದ ನಳಿಗೆಗಳ ಪೆಟ್ಟಿಗೆ ಪೂರಾ ಬಿಸಾಡಬೇಕಾಗುತ್ತೆ.”

“ವಂಶಾವಳಿಯೇ ತಪ್ಪಿದ್ದರೆ?”

“ಬೇರೆ ಯಾರಾದ್ರೂ ಬರೆದಿದ್ರೆ ಮೊದಲು ಅದನ್ನೇ ಅನುಮಾನಿಸ್ತಿದ್ದೆನಂಡಿ. ಇದು ನಿಮ್ಮ ಕೈಬರಹ.”

ನನ್ನ ವಿದ್ಯೆಯ ಬಗ್ಗೆ ಜೀವಮಾನದಲ್ಲಿ ಕೇಳಿದ ಹೊಗಳಿಕೆಗಳಲ್ಲಿ ಅಷ್ಟು ಚುಚ್ಚಿದ ಮಾತು ಇನ್ನೊಂದಿಲ್ಲ. ವೃದ್ಧೆಗೆ ಕೊಟ್ಟ ಮಾತು ಒಂದು ಕಡೆ, ಆ ಹುಡುಗಿಯ ಮದುವೆ ಇನ್ನೊಂದು ಕಡೆ. ಎದ್ದು ಹೋಗಿ ಕೈಕಾಲು ತೊಳೆದು ಬಂದೆ. ಎದುರು ಕುಳಿತು ಎಲ್ಲವನ್ನೂ ಹೇಳಿದೆ. ಹುಡುಗಿಯ ತಂದೆ ದತ್ತುಮಗನಾದ್ದರಿಂದ ಹುಡುಗನಿಗೂ ಹುಡುಗಿಗೂ ರಕ್ತದ ನಂಟೇ ಇಲ್ಲವೆಂದು, ಅದನ್ನು ಬಲ್ಲ ನಾನೇ ಬರೆಯದೆ ಬಿಟ್ಟೆನೆಂದು.

ಅವಳು ಪೆನ್ನಿನ ಮುಚ್ಚಳ ಹಾಕಿದಳು. ಬೈಗುಳಕ್ಕೆ ನಾನು ಸಿದ್ಧನಾಗಿದ್ದೆ.

“ನೀವು ಸುಳ್ಳು ಬರೆದಿಲ್ಲ ಮಾವಯ್ಯಾ. ಯಾರು ಯಾರಿಗೆ ಮಗ ಅಂತ ಬರೆದಿದ್ದೀರಿ. ನನಗೆ ಬೇಕಾಗಿದ್ದದ್ದು ಯಾರು ಯಾರ ಹೊಟ್ಟೇಲಿ ಹುಟ್ಟಿದರು ಅನ್ನೋದು. ಅದನ್ನ ಬಿಡಿಸಿ ಹೇಳದೆ ಹೋದದ್ದು ನನ್ನ ತಪ್ಪು.” ಆಮೇಲೆ ನಕ್ಕಳು. “ಆದರೆ ವಾರದಿಂದ ಲ್ಯಾಬಿನ ಹುಡುಗಿಯರನ್ನ ಸುಮ್ಮನೆ ಬೈದಿದ್ದೀನಿ. ನಾಳೆ ಅವರಿಗೆ ಪುಳಿಹೋರ ಮಾಡ್ಕೊಂಡು ಹೋಗಿ ಕ್ಷಮೆ ಕೇಳ್ಬೇಕು. ಹುಣಸೆಹಣ್ಣು ಹಿಂಡೋದು ಮಾತ್ರ ನೀವೇ.”

ಹಿಂಡಿದೆ.

ನಳಿಗೆ ಹುಡುಗನದೇ ಎಂದು ಖಚಿತವಾದ ಮೇಲೆ ಫಲಿತಾಂಶವನ್ನು ನಂಬಬಹುದಾಯಿತು. ಎರಡು ದಿನಗಳಲ್ಲಿ ನಾವಿಬ್ಬರೂ ವಿಜಯವಾಡದ ಆ ನಡುಮನೆಯಲ್ಲಿದ್ದೆವು. ಸೊಸೆ ಬಾಯಿಂದ ಹೇಳುತ್ತ, ಹುಡುಗಿಯ ತಮ್ಮನಿಗಾಗಿ ಕೈಯಿಂದಲೂ ಹೇಳುತ್ತಿದ್ದಳು. “ಕಿವುಡಿಗೆ ಕಾರಣವಾದ ಎಳೆ ತಂದೆ ತಾಯಿ ಇಬ್ಬರಿಂದಲೂ ಬಂದರೆ ಮಾತ್ರ ಮಗುವಿಗೆ ಕಿವುಡು. ಅದು ಹುಡುಗಿಯಲ್ಲಿ ಒಂದು ಇದೆ, ಹುಡುಗನಲ್ಲಿ ಇಲ್ಲ. ತಮ್ಮನಿಗೆ ಬಂದ ಕಾರಣದಿಂದ ಇವರ ಮಕ್ಕಳಿಗೆ ಕಿವುಡು ಬರೋದಿಲ್ಲ. ಬೇರೆ ಯಾವ ಕಾರಣದಿಂದಲೂ ಏನೂ ಆಗೋದಿಲ್ಲ ಅಂತ ನಾನು ಹೇಳಲಾರೆ, ಯಾರೂ ಹೇಳಲಾರರು.”

ತಮ್ಮ ಬೆರಳುಗಳಲ್ಲಿ ಏನೋ ಹೇಳಿದ. ಹುಡುಗಿಗೆ ನಗು ತಡೆಯಲಾಗಲಿಲ್ಲ. “ಇಷ್ಟು ದಿನ ಮಾವ ಆಡಿದ್ದು ಕೇಳಿಸದೆ ಇದ್ದದ್ದೇ ತನ್ನ ಪುಣ್ಯ ಅಂತಾನೆ.”

ಹುಡುಗನ ತಂದೆಯೂ ನಕ್ಕರು. ಆದರೆ ಬಿಡಲಿಲ್ಲ. “ಎಲ್ಲ ಮನೆಗೂ ಅವರ ವಂಶದ ನಕ್ಷೆ ಬರೆದು ಕೊಡ್ತೀರಂತೆ. ನಮ್ಮದೆಲ್ಲಿ?”

ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ವೃದ್ಧೆಯ ಕೈ ಚೌಕಟ್ಟನ್ನು ಹಿಡಿಯಿತು.

“ಈ ಮನೆಯನ್ನ ನನ್ನ ಅಧ್ಯಯನದಿಂದ ತೆಗೆದಿದ್ದೀನಿ,” ಎಂದಳು ಸೊಸೆ, ಸ್ವಲ್ಪವೂ ತಡವರಿಸದೆ. “ಬರೆದುಕೊಳ್ಳೋ ಕ್ರಮದಲ್ಲಿ ನಮ್ಮ ಕಡೆಯಿಂದ ತಪ್ಪಾಯಿತು. ನಿಮ್ಮ ಮಕ್ಕಳಿಗೆ ಬೇಕಾದ ಉತ್ತರಕ್ಕೂ ಅದಕ್ಕೂ ಸಂಬಂಧವಿಲ್ಲ.”

ಹೊರಡುವಾಗ ವೃದ್ಧೆ ಅವಳ ಉಡಿ ತುಂಬಿದರು. ಕೈ ಬಿಡದೆ ಮೆಲ್ಲಗೆ ಕೇಳಿದರು, “ಎಷ್ಟು ದಿನದ ಕೆಲಸ ಆಗಿತ್ತವ್ವಾ ಅದು?”

“ಏನೂ ಮಹಾ ಅಲ್ಲಮ್ಮಾ.”

ಅದು ಮಹಾ ಕೆಲಸವೇ. ನಾಲ್ಕು ತಲೆಮಾರು ಪೂರ್ತಿ ಸಿಕ್ಕಿದ್ದ ಮನೆ ಅದೊಂದೇ. ಅವಳ ಪ್ರಬಂಧ ಅದರ ಸುತ್ತಲೇ ಬೆಳೆದಿತ್ತು. ರೈಲಿನಲ್ಲಿ ನಾನು ತಡೆಯಲಾರದೆ ಕೇಳಿದೆ, ದತ್ತು ಎಂಬುದಕ್ಕೆ ಒಂದು ಚುಕ್ಕಿಗೆರೆ ಎಳೆದು ಉಳಿಸಿಕೊಳ್ಳಬಾರದಾಗಿತ್ತೇ ಎಂದು.

“ಎಳೆದ ಹಾಳೆ ಆ ಮನೆಗೆ ಹೋಗಬೇಕು ಮಾವಯ್ಯಾ. ಅವರಿಗೆ ಕೊಡದೆ ನಾವು ಅಚ್ಚು ಹಾಕಿಸಿದ್ರೆ ಬರೀ ನಮ್ಮ ಹೆಸರಿಗಾಗಿ ಅವರ ಉಗುಳು ತಗೊಂಡ ಹಾಗಾಗುತ್ತೆ. ಎಳೆಯದೆ ಹಾಕಿಸಿದ್ರೆ ಸುಳ್ಳು. ಆ ಅಮ್ಮ ಯಾವತ್ತಾದ್ರೂ ಮಗನಿಗೆ ತಾವೇ ಹೇಳ್ತಾರೋ ಏನೋ, ಅದು ಅವರಿಗೆ ಬಿಟ್ಟದ್ದು. ನನ್ನ ಹಾಳೆ ಹೇಳಬಾರದು.”

ಅಷ್ಟು ಹೇಳಿ ಕಿಟಕಿಗೆ ತಲೆಯಾನಿಸಿ ನಿದ್ದೆ ಹೋದಳು. ಅವಳ ಪ್ರಬಂಧ ಒಂದು ವರ್ಷ ಹಿಂದೆ ಬಿತ್ತು. ಹೊಸ ಮನೆಗಳನ್ನು ಹುಡುಕುತ್ತ ಮತ್ತೆ ಮೆಟ್ಟಿಲುಗಳ ಮೇಲೆ ಕುಳಿತಳು. ಒಂದು ದಿನವೂ ಆ ಹಾಳೆಯ ಮಾತೆತ್ತಲಿಲ್ಲ. ನಾನು ಮೂವತ್ತೈದು ವರ್ಷ ಸತ್ಯವನ್ನು ಕುರಿತು ಪಾಠ ಹೇಳಿದವನು. ಸತ್ಯವನ್ನು ತಿಳಿದೂ ಅದನ್ನು ಅದರ ಒಡೆಯರ ಕೈಯಲ್ಲೇ ಬಿಟ್ಟು, ನಷ್ಟವನ್ನು ತಾನು ಹೊತ್ತು ಸುಮ್ಮನಿರುವುದನ್ನು ಕಣ್ಣಾರೆ ಕಂಡದ್ದು ನನ್ನ ಮನೆಯಲ್ಲೇ.

ಜ್ಯೇಷ್ಠ ಮಾಸದಲ್ಲಿ ಮದುವೆಯಾಯಿತು. ಆ ದಂಪತಿಗಳು ನೂರ್ಕಾಲ ಬಾಳಲಿ. ಆ ತಮ್ಮನ ಬೆರಳುಗಳ ಹಾಸ್ಯ ಬತ್ತದಿರಲಿ. ಅವನ ಮಾತು ತಿಳಿಯುವವರು ಅವನಿಗೆ ದಿನೇ ದಿನೇ ಹೆಚ್ಚಲಿ. ಭಯಪಟ್ಟ ಆ ತಂದೆಗೆ ಮೊಮ್ಮಕ್ಕಳ ಸುಖ ಸಿಗಲಿ. ಆ ತಾಯಿಗೆ ಹೇಳುವ ಧೈರ್ಯ ಬಂದರೆ ಕೇಳುವ ಮಗನಿಗೆ ತಾಳ್ಮೆ ಬರಲಿ. ಬಾರದಿದ್ದರೆ ಅವರ ಮೌನವನ್ನು ದುರ್ಗಮ್ಮ ಕಾಯಲಿ. ಬೈಸಿಕೊಂಡ ಲ್ಯಾಬಿನ ಹುಡುಗಿಯರಿಗೆ ವಿದ್ಯೆ ಕೈಹತ್ತಲಿ. ತಮ್ಮ ಮನೆಯ ಕಥೆಯನ್ನು ಅಪರಿಚಿತಳ ಮುಂದೆ ಬಿಚ್ಚಿಟ್ಟ ಸಮಸ್ತ ಕುಟುಂಬಗಳಿಗೂ ಕ್ಷೇಮವಾಗಲಿ. ನನ್ನ ಸೊಸೆಗೆ ದೀರ್ಘಾಯುಸ್ಸು, ಕೈಗೊಂಡ ಕೆಲಸದಲ್ಲಿ ಸಿದ್ಧಿ, ಮತ್ತು ದಣಿದ ದಿನ ಅಂದು ರೈಲಿನಲ್ಲಿ ಬಂದಂಥ ಒಳ್ಳೆಯ ನಿದ್ದೆ ಉಂಟಾಗಲಿ.