ತೋಪಿನವರ ಮಾನಪತ್ರ

ಕಾರ್ಗಿಲ್ ಯುದ್ಧ ಮುಗಿದ ಮರುವರ್ಷ ನಮ್ಮ ಕಡೆ ಮಾಜಿ ಸೈನಿಕರು ಯಾರೇ ಇರಲಿ, ಅವರಿಗೆ ಒಂದು ಶಾಲು ತಪ್ಪುತ್ತಿರಲಿಲ್ಲ. ನಾನು ಆಗ ಧಾರೇಶ್ವರದ ಹತ್ತಿರದ ಹೈಸ್ಕೂಲೊಂದರಲ್ಲಿ ಕನ್ನಡ ಕಲಿಸುತ್ತಿದ್ದೆ. ಗಣರಾಜ್ಯೋತ್ಸವದ ಸನ್ಮಾನಕ್ಕೆ ನಾವು ಆರಿಸಿದ್ದು ನೌಕಾಪಡೆಯಿಂದ ನಿವೃತ್ತರಾಗಿದ್ದ ಒಬ್ಬರನ್ನು. ಊರವರ ಬಾಯಲ್ಲಿ ಅವರು 'ನೇವಿಯವರು'. ಹಡಗಿನಲ್ಲಿ ವಿಮಾನ ಹೊಡೆಯುವ ತೋಪಿನ ಪಕ್ಕ ವರ್ಷಗಟ್ಟಲೆ ನಿಂತು ಅವರ ಕಿವಿ ಪೂರ್ತಿ ಹೋಗಿತ್ತು. ನಾವು ಕೇಳುವುದನ್ನೆಲ್ಲ ಸ್ಲೇಟಿನ ಮೇಲೆ ಬರೆದು ತೋರಿಸಬೇಕು.

ಮಾನಪತ್ರ ಬರೆಯುವ ಕೆಲಸ ನನಗೆ ಬಂತು. ವಿವರ ಕೇಳಲು ಮನೆಗೆ ಹೋದರೆ ಅವರು ತಮ್ಮ ಸುದ್ದಿ ಬಿಟ್ಟು ತೋಪಿನ ಚರಿತ್ರೆ ಶುರುಮಾಡಿದರು. ಅದನ್ನು ಮಾಡಿದವರು ಸ್ವೀಡನ್ನಿನವರಂತೆ. ಎರಡನೇ ಮಹಾಯುದ್ಧದಲ್ಲಿ ಇಂಗ್ಲಿಷರ ಹಡಗಿನಲ್ಲೂ ಅದೇ, ಜರ್ಮನರ ಹಡಗಿನಲ್ಲೂ ಅದೇ. ಆಮೇಲೆ ಇಂಗ್ಲಿಷರ ಹಳೇ ಹಡಗುಗಳ ಜೊತೆ ನಮಗೂ ಬಂತು, ಪಾಕಿಸ್ತಾನಕ್ಕೂ ಹೋಯಿತು. ಒಂದೊಂದು ನಳಿಗೆಯಿಂದ ಸೆಕೆಂಡಿಗೆ ಎರಡು ಗುಂಡು. ನಾಲ್ಕು ಗುಂಡುಗಳ ಕಟ್ಟನ್ನು ಕೈಯಿಂದಲೇ ಮೇಲಿಂದ ಇಳಿಸಬೇಕು, ಎರಡು ಸೆಕೆಂಡಿಗೆ ಅದು ಖಾಲಿ, ಮತ್ತೆ ಇನ್ನೊಂದು. ಕ್ಷಿಪಣಿಗಳು ಬಂದ ಮೇಲೆ ಅದರ ಮರ್ಯಾದೆ ಕಡಿಮೆಯಾಯಿತು ಎನ್ನುವಾಗ ಮನೆಯ ಹಿರಿಯರನ್ನು ಯಾರೋ ಬೈದಷ್ಟು ಬೇಸರ ಅವರ ಮುಖದಲ್ಲಿ.

ನನಗೋ ಬರವಣಿಗೆಯ ಜಂಭ. ಇಷ್ಟಕ್ಕೆಲ್ಲ ಸಭೆಯಲ್ಲಿ ಚಪ್ಪಾಳೆ ಬೀಳುತ್ತದೆಯೇ ಎಂದುಕೊಂಡು 'ಎಪ್ಪತ್ತೊಂದರ ಸಮರದಲ್ಲಿ ಶತ್ರು ವಿಮಾನಗಳನ್ನು ತರಗೆಲೆಯಂತೆ ಉದುರಿಸಿದ ಧೀರ' ಎಂದು ಬರೆದೆ. ಓದಿದವಳೂ ನಾನೇ. ಚಪ್ಪಾಳೆ ಬಿದ್ದೇ ಬಿತ್ತು. ಒಂದಕ್ಷರವೂ ಕೇಳದ ಅವರು ಕುರ್ಚಿಯಲ್ಲಿ ಕುಳಿತು ನಗುತ್ತಿದ್ದರು.

ಮರುದಿನ ಬೆಳಿಗ್ಗೆ, ಕಟ್ಟು ಹಾಕಿಸಿ ಕೊಟ್ಟಿದ್ದ ಆ ಮಾನಪತ್ರವನ್ನು ಕಂಕುಳಲ್ಲಿಟ್ಟುಕೊಂಡು ಶಾಲೆಗೆ ಬಂದರು.

"ಎಂತ ಬರದ್ರಿ ಅಕ್ಕೋರೇ ಇದು? ನಾನು ವಿಮಾನ ಉದುರಿಸ್ಲಿಲ್ಲ. ಗುಂಡು ತುಂಬಿದೆ, ಅಷ್ಟೇ. ಆ ತೋಪಿನ ಮೇಲೆ ನನ್ನ ಜೊತೆ ಇದ್ದವ್ರು ಇನ್ನೂ ಬದುಕಿದ್ದಾರೆ. ಅವ್ರು ಮನೆಗೆ ಬಂದು ಇದನ್ನ ಓದಿದ್ರೆ ನಾನು ಮುಖ ಎಲ್ಲಿಡೂದು?"

ನನಗೆ ನಾಚಿಕೆಯೂ ಆಯಿತು, ಸಿಟ್ಟೂ ಬಂತು. 'ಹೊಡೆದ ವಿಮಾನ ಬೀಳಲೇ ಇಲ್ಲವೇ?' ಎಂದು ಸ್ಲೇಟಿನ ಮೇಲೆ ಬರೆದೆ.

"ಬಿತ್ತೋ ಬಿಟ್ಟಿತೋ, ನಾನು ನೋಡ್ಲಿಲ್ಲ."

'ನೋಡಬೇಕು ಅನ್ನಿಸಲಿಲ್ಲವೇ?'

"ಅನ್ನಿಸ್ತು. ಆದ್ರೆ ತುಂಬುವವ ಆಕಾಶ ನೋಡಿದ್ರೆ ತೋಪು ನಿಲ್ತದೆ."

ಇಷ್ಟು ವರ್ಷ ಪಾಠ ಹೇಳಿದ ನಾನು ಅಷ್ಟು ಗಟ್ಟಿ ವಾಕ್ಯ ಒಂದನ್ನೂ ಬರೆದಿರಲಿಲ್ಲ. ಹೊಸ ಪತ್ರ ಬರೆದು ಮನೆಗೇ ತಂದುಕೊಡುತ್ತೇನೆ ಎಂದು ತಿಳಿಸಿದೆ. ಅವರು ಒಪ್ಪಲಿಲ್ಲ. ಸುಳ್ಳು ಕೇಳಿದ ಮಕ್ಕಳೇ ನಿಜವನ್ನೂ ಕೇಳಬೇಕು ಎಂದು ಹಟ ಹಿಡಿದರು.

ಮಾರನೆಯ ದಿನ ಪ್ರಾರ್ಥನೆಯ ಹೊತ್ತಿಗೆ ಅವರನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡು, ಅವರಿಗೂ ತಿಳಿಯಲೆಂದು ಪ್ರತಿ ಶಬ್ದದ ಕೆಳಗೆ ಬೆರಳಾಡಿಸುತ್ತ ಓದಿದೆ: 'ಇವರು ತೋಪಿಗೆ ಗುಂಡು ತುಂಬಿದರು. ಇವರ ಕೈಯಲ್ಲಿ ಅದು ಒಮ್ಮೆಯೂ ನಿಲ್ಲಲಿಲ್ಲ.' ಮಕ್ಕಳು ಚಪ್ಪಾಳೆ ಜೋರಾಗಿ ತಟ್ಟಿದರು ಎಂದು ಬರೆದರೆ ಅದು ನನ್ನ ಎರಡನೆಯ ಸುಳ್ಳಾಗುತ್ತದೆ. ತಟ್ಟಿದ್ದು ನಾಲ್ಕಾರು ಮಂದಿ. ಅವರು ಮಾತ್ರ ಈ ಸಲ ಎದೆ ಸೆಟೆಸಿ ನಿಂತು ಮಕ್ಕಳಿಗೆ ಸೆಲ್ಯೂಟ್ ಹೊಡೆದರು.