ತೊಳೆದರೂ ಹೋಗದ ಬೇವಿನೆಣ್ಣೆ

ನಾನು ಮೊದಲೇ ಪುಕ್ಕಲಿ. ಬೆಳಿಗ್ಗೆ ಅಕ್ಕನ ಫೋನ್ ಬಂದರೆ ಎತ್ತುವ ಮುಂಚೆಯೇ ಎದೆ ಡವಗುಟ್ಟುತ್ತದೆ. ಅವತ್ತು ಅವಳು ಕೇಳಿದ್ದು ಒಂದೇ ಮಾತು: "ಪಕ್ಕದ ಹೊಲ್ದೋರು ಮೆಣಸಿನ ಗಿಡಕ್ಕೆ ನಿಮ್ಮ ಕಂಪನಿ ಬೇವಿನ ಔಷ್ದಿ ಹೊಡುದ್ರು. ಗಾಳಿಗೆ ನಮ್ಮ ರೇಷ್ಮೆ ಸೊಪ್ಪಿನ ಮ್ಯಾಲೆಲ್ಲಾ ಬಿದ್ದೈತೆ ಕಣೇ. ತೊಳುದ್ರೆ ಹೋಯ್ತದಾ?"

ಹೋಗುವುದಿಲ್ಲ. ಹೋಗಬಾರದೆಂದೇ ಅದನ್ನು ಮಾಡಿದ್ದು. ನಮ್ಮ ಲ್ಯಾಬಿನಲ್ಲಿ ಬೇವಿನೆಣ್ಣೆಯನ್ನು ಕಣ್ಣಿಗೆ ಕಾಣದಷ್ಟು ಸಣ್ಣ ಹನಿಗಳಾಗಿ ಒಡೆದು ನೀರಿಗೆ ಬೆರೆಸುತ್ತೇವೆ. ಹನಿಗಳು ಮತ್ತೆ ಕೂಡಿಕೊಂಡು ಎಣ್ಣೆ ಮೇಲೆ ತೇಲದಂತೆ ಸೋಪಿನ ಜಾತಿಯ ಸರ್ಫ್ಯಾಕ್ಟಂಟ್ ಅವನ್ನು ಸುತ್ತುವರಿದು ಕಾಯುತ್ತದೆ. ಅಂಟಿನ ಥರದ ಪಾಲಿಮರ್ ಅವನ್ನು ಎಲೆಗೆ ಹಿಡಿದಿಡುತ್ತದೆ. ಸಿಂಪಡಿಸಿದ ಎಲೆಯ ಮೇಲೆ ಕೊಡಗಟ್ಟಲೆ ನೀರು ಸುರಿದು, ಏನೂ ಹೋಗಿಲ್ಲವೆಂದು ನಾವೆಲ್ಲ ಕುಣಿದಾಡಿದ್ದೆವು.

ಕೊರಟಗೆರೆ ಬಸ್ಸು ಹಿಡಿದು ಸಿದ್ದರಬೆಟ್ಟದ ಕಡೆಯ ಅವಳ ಊರಿಗೆ ಓಡಿದೆ. ಅಕ್ಕನ ರೇಷ್ಮೆಹುಳ ನಾಲ್ಕನೇ ಜ್ವರ ಎದ್ದಿದ್ದವು. ಅಂದರೆ ಕೊನೆಯ ಸಲ ಪೊರೆ ಬಿಟ್ಟು, ಎಷ್ಟು ಸೊಪ್ಪು ಹಾಕಿದರೂ ಸಾಲದೆನ್ನುವ ಕಾಲ. ಹಿಂದಿನ ಬೆಳೆ ರೋಗಕ್ಕೆ ಹೋಗಿತ್ತು. ಇದೂ ಹೋದರೆ ಹುಳ ಸಾಕುವುದನ್ನೇ ಬಿಡುತ್ತೇನೆ ಎಂದಿದ್ದಳು ಅಕ್ಕ.

ಅವಳು ಸೊಪ್ಪು ತೊಳೆದು ಆರಿಸಿ, ಒಂದು ಮೊರದಲ್ಲಿ ಹಿಡಿಯಷ್ಟು ಹುಳಕ್ಕೆ ಹಾಕಿ ನೋಡುತ್ತಿದ್ದಳು. ಸೊಪ್ಪಿನ ಮೇಲೆ ಅನುಮಾನ ಬಂದರೆ ಅವರ ಮನೆಯಲ್ಲಿ ಅದೇ ಪರೀಕ್ಷೆ. ಸಾಯದಿದ್ದರೆ ಎಲ್ಲಕ್ಕೂ ಹಾಕುವುದು.

"ನೋಡು, ಹೆಂಗೆ ತಿಂತಾವೆ! ಒಂದೂ ಸತ್ತಿಲ್ಲ. ಹಾಕ್ಬುಡ್ಲಾ?"

ತಟ್ಟೆಗಳಲ್ಲಿ ಉಳಿದ ಹುಳಗಳು ಬರೀ ಕಡ್ಡಿಗಳ ಮೇಲೆ ತಲೆಯೆತ್ತಿ ಸೊಪ್ಪು ಹುಡುಕುತ್ತಿದ್ದವು. ಬೇವು ತಕ್ಷಣ ಕೊಲ್ಲುವುದಿಲ್ಲ. ಹುಳ ತಿನ್ನುತ್ತಲೇ ಇದ್ದು ಗೂಡು ಕಟ್ಟದೆ ಹೋಗಬಹುದು, ಅದು ಗೊತ್ತಾಗುವುದು ಕಟ್ಟಬೇಕಾದ ದಿನವೇ.

"ಬ್ಯಾಡ ಕಣಕ್ಕ."

"ಯಾಕೆ? ಕಣ್ಣೆದ್ರಿಗೇ ತಿಂತಾ ಅವಲ್ಲ!"

"ತಿಂತಾವೆ. ನೂಲು ಬುಡಕಿಲ್ಲ."

"ಗ್ಯಾರಂಟಿನಾ?"

ಎಲ್ಲಿಯ ಗ್ಯಾರಂಟಿ? ನಮ್ಮ ಲ್ಯಾಬಿನಲ್ಲಿ ಯಾರೂ ರೇಷ್ಮೆಹುಳಕ್ಕೆ ಹಾಕಿ ನೋಡಿರಲಿಲ್ಲ. ಆದರೂ ಹೂಂ ಅಂದೆ.

ಬೇರೆ ಸೊಪ್ಪು ತರಲು ಭಾವ ಲಗೇಜ್ ಆಟೋ ತೆಗೆದುಕೊಂಡು ಮಧುಗಿರಿ ಕಡೆಯ ಪರಿಚಯದವರ ತೋಟಕ್ಕೆ ಹೋದರು. ಅವರು ಬರುವ ತನಕ ಅಕ್ಕ ನನ್ನ ಮುಖ ನೋಡಲಿಲ್ಲ. ಸೊಪ್ಪು ಬರುವಷ್ಟರಲ್ಲಿ ಹುಳ ಸೊರಗಿಬಿಟ್ಟರೆ, ನನ್ನ ಮಾತೇ ಸುಳ್ಳಾದರೆ ಎಂದು ರಸ್ತೆಯನ್ನೇ ನೋಡುತ್ತಿದ್ದೆ. ಬಾಗಿಲಲ್ಲಿ ಕೂತವಳು ಎದ್ದು ಒಳಗೆ ಹೋಗುವುದಕ್ಕೂ ಹೆದರಿದೆ.

ಮಧ್ಯಾಹ್ನ ಸೊಪ್ಪು ಬಂತು. ಮುಂದಿನ ವಾರ ಅಕ್ಕನೇ ಫೋನ್ ಮಾಡಿದಳು: ಹುಳ ತಿನ್ನುವುದು ಬಿಟ್ಟು ಹಣ್ಣಾಗಿವೆ, ಬಿದಿರಿನ ಚಂದ್ರಿಕೆ ಏರಿ ಗೂಡು ಕಟ್ಟುತ್ತಿವೆ. ನನಗೆ ಅಳುವೇ ಬಂತು.

"ಆ ಮೊರದಾಗಿನವು ಮಾತ್ರ ಇನ್ನೂ ತಿಂತಾನೇ ಅವೆ ಕಣೇ," ಅಂದಳು. "ಈಗ ಒಳ್ಳೆ ಸೊಪ್ಪೇ ಹಾಕ್ತಿವ್ನಿ. ಬೆರಳು ದಪ್ಪ ಆಗವೆ, ಗೂಡು ಕಟ್ಟಕಿಲ್ಲ, ಸಾಯಕೂ ಇಲ್ಲ. ಸೊಪ್ಪು ಹಾಕದು ಯಾವತ್ತಿಗೆ ನಿಲ್ಲುಸ್ಲಿ, ನೀನೇ ಹೇಳು."